ಕಾಲ ಕೊಡುವ ಆಟವನ್ನು ಆರಿಸಿಕೋ

ಮಗೂ,

ನಿನ್ನ ಅಪ್ಪ ಫೋನ್ ಮಾಡಿ ಎಲ್ಲ ಹೇಳಿದ. ಒಂದು ಕಡೆ ದೊಡ್ಡ ಕಾಲೇಜೊಂದು ಫುಟ್‌ಬಾಲ್‌ಗಾಗಿ ಪೂರ್ತಿ ಸ್ಕಾಲರ್‌ಶಿಪ್ ಕೊಡುತ್ತೇನೆಂದು ಕರೆಯುತ್ತಿದೆ. ಇನ್ನೊಂದು ಕಡೆ ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಾಗ, ನಿನ್ನ ಹೆಸರು ಬರಬಹುದೆಂದು ಸ್ಕೌಟ್‌ಗಳು ಮನೆಗೆ ಬಂದು ಹೋಗುತ್ತಿದ್ದಾರೆ. ಹದಿನೆಂಟು ತುಂಬುವ ಹೊತ್ತಿಗೆ ಎರಡರಲ್ಲಿ ಒಂದನ್ನು ನೀನು ಬಿಡಬೇಕು. ಈ ದೇಶದ ಫುಟ್‌ಬಾಲ್ ಎಂದರೆ ಹೆಲ್ಮೆಟ್ ತೊಟ್ಟು, ಭುಜಕ್ಕೆ ಪ್ಯಾಡ್ ಕಟ್ಟಿಕೊಂಡು, ಎದುರಾಳಿಯನ್ನು ನೆಲಕ್ಕೆ ಕೆಡವುವ ಆಟ. ಅದನ್ನು ನೀನು ಎಷ್ಟು ಪ್ರೀತಿಸುತ್ತೀ ಎಂಬುದು ನನಗೆ ಗೊತ್ತು. ಗೊತ್ತಿದ್ದೂ ಹೇಳುತ್ತಿದ್ದೇನೆ: ಬೇಸ್‌ಬಾಲ್ ಹಿಡಿ.

ದೊಡ್ಡಪ್ಪ ಹೆದರಿ ಹೀಗೆ ಹೇಳುತ್ತಿದ್ದಾನೆ ಎಂದುಕೊಳ್ಳಬೇಡ. ಟೆಕ್ಸಸ್‌ನಲ್ಲಿ ಮನೆ ಮಾಡಿದ ಮೇಲೆ ಶುಕ್ರವಾರ ಸಂಜೆಯ ಹೈಸ್ಕೂಲ್ ಫುಟ್‌ಬಾಲ್ ನನಗೂ ಹಬ್ಬವೇ ಆಗಿಬಿಟ್ಟಿದೆ. ಊರಿಗೆ ಊರೇ ಬಂದು ಕೂರುವ ಆ ಗ್ಯಾಲರಿ, ಆ ಬ್ಯಾಂಡ್, ಆ ಕೂಗು ಬೇಸ್‌ಬಾಲ್‌ನಲ್ಲಿ ನಿನಗೆ ಸಿಗುವುದಿಲ್ಲ. ಆದರೆ ಆಟವನ್ನು ವೃತ್ತಿಯಾಗಿ ಹಿಡಿಯುವವನು ಒಂದು ವಿಷಯ ಕೇಳಿಕೊಳ್ಳಬೇಕು. ಈ ಆಟ ನನಗೆ ಕಾಲ ಕೊಡುತ್ತದೆಯೋ, ನನ್ನಿಂದ ಕಾಲವನ್ನು ಕಿತ್ತುಕೊಳ್ಳುತ್ತದೆಯೋ? ಕಲಿಯುವುದಕ್ಕೆ ಕಾಲ, ಸೋತು ಏಳುವುದಕ್ಕೆ ಕಾಲ, ದುಡಿದದ್ದು ಕೈಗೆ ಬರುವುದಕ್ಕೆ ಕಾಲ, ಆಟ ಮುಗಿದ ಮೇಲೆ ಮಕ್ಕಳನ್ನು ಎತ್ತಿ ಆಡಿಸುವುದಕ್ಕೆ ಕಾಲ. ಈ ಲೆಕ್ಕದಲ್ಲಿ ಬೇಸ್‌ಬಾಲ್ ಮುಂದಿದೆ. ಹೇಗೆಂದು ಒಂದೊಂದಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದು.

2024ರಲ್ಲಿ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿದವರಲ್ಲಿ ಜೋ ಮಾವರ್ ಮತ್ತು ಟಾಡ್ ಹೆಲ್ಟನ್ ಇದ್ದರು. ಇಬ್ಬರೂ ಒಂದು ಕಾಲದ ಕ್ವಾರ್ಟರ್‌ಬ್ಯಾಕ್‌ಗಳು, ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ತಂಡವನ್ನು ಮುನ್ನಡೆಸುವವರು. ಮಾವರ್ ಮಿನ್ನೆಸೋಟಾದ ಸೇಂಟ್ ಪಾಲ್‌ನ ಹುಡುಗ. ಹೈಸ್ಕೂಲಿನಲ್ಲೇ ದೇಶದ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬ ಎನ್ನಿಸಿಕೊಂಡು, ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಆಡಲು ಒಪ್ಪಿಕೊಂಡೂ ಆಗಿತ್ತು. 2001ರಲ್ಲಿ ಅವನದೇ ಊರಿನ ಮಿನ್ನೆಸೋಟಾ ಟ್ವಿನ್ಸ್ ತಂಡ ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆಯಾಗಿ ಅವನನ್ನು ಕರೆಯಿತು. ಫುಟ್‌ಬಾಲ್ ಬಿಟ್ಟ. ಹದಿನೈದು ಸೀಸನ್ ಒಂದೇ ತಂಡಕ್ಕೆ ಆಡಿದ. ಕ್ಯಾಚರ್ ಆಗಿದ್ದುಕೊಂಡು ಮೂರು ಸಲ ಲೀಗಿನ ಬ್ಯಾಟಿಂಗ್ ಪ್ರಶಸ್ತಿ ಗೆದ್ದ. ಹೆಲ್ಟನ್ 1994ರಲ್ಲಿ ಟೆನೆಸೀ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್. ಮೊಣಕಾಲಿಗೆ ಪೆಟ್ಟಾಗಿ ಅವನು ಹೊರಗೆ ಬಂದಾಗ ಅವನ ಜಾಗಕ್ಕೆ ಇಳಿದ ಹೊಸ ಹುಡುಗ ಪೇಟನ್ ಮ್ಯಾನಿಂಗ್. ಮ್ಯಾನಿಂಗ್ ಫುಟ್‌ಬಾಲ್‌ನ ಮಹಾನ್ ಆಟಗಾರನಾದ. ಹೆಲ್ಟನ್ ಮಾರನೇ ವರ್ಷ ಬೇಸ್‌ಬಾಲ್‌ಗೆ ಹೋಗಿ ಕೊಲರಾಡೋ ರಾಕೀಸ್‌ಗೆ ಹದಿನೇಳು ಸೀಸನ್ ಆಡಿದ. ಒಂದೇ ಆಟಗಾರನಿಗೆ, ಒಂದೇ ಊರಿನಲ್ಲಿ, ಅಷ್ಟು ದೀರ್ಘ ಬಾಳು. ನಾನು ಕಾಲ ಎನ್ನುವುದು ಇದನ್ನೇ.

ಮೊದಲು ಬಾಗಿಲುಗಳ ವಿಷಯ ತಿಳಿದುಕೋ. ಹೈಸ್ಕೂಲ್ ಮುಗಿಸಿದ ಹುಡುಗನನ್ನು ಬೇಸ್‌ಬಾಲ್ ತಂಡಗಳು ನೇರವಾಗಿ ಡ್ರಾಫ್ಟ್ ಮಾಡಬಹುದು. ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಹಾಗೆ ಮಾಡುವುದಿಲ್ಲ. ಹೈಸ್ಕೂಲ್ ಬಿಟ್ಟು ಮೂರು ವರ್ಷ ಕಳೆಯುವ ತನಕ ಅದರ ಬಾಗಿಲು ತೆರೆಯದು. ಆ ಮೂರು ವರ್ಷ ನೀನು ಕಾಲೇಜು ತಂಡದಲ್ಲಿ ಪೆಟ್ಟು ತಿನ್ನುತ್ತಲೇ ಇರಬೇಕು. ಇನ್ನೊಂದು ಮಾತು: ಬೇಸ್‌ಬಾಲ್‌ಗೆ ಹೋಗಿ ಕೈಗೂಡದೆ ಹೋದರೆ ಕಾಲೇಜು ಫುಟ್‌ಬಾಲ್‌ಗೆ ವಾಪಸು ಬರಲು ದಾರಿ ಇದೆ. ಒಂದು ಆಟದಲ್ಲಿ ಹಣ ತೆಗೆದುಕೊಂಡವನು ಇನ್ನೊಂದು ಆಟವನ್ನು ಕಾಲೇಜಿನಲ್ಲಿ ಆಡಲು ನಿಯಮ ಅಡ್ಡ ಬರುವುದಿಲ್ಲ. ಕ್ರಿಸ್ ವೈಂಕೆಯನ್ನು ಟೊರಾಂಟೋ ಬ್ಲೂ ಜೇಸ್ 1990ರಲ್ಲಿ ಆರಿಸಿಕೊಂಡಿತು. ಆರು ಸೀಸನ್ ಮೈನರ್ ಲೀಗ್‌ನಲ್ಲಿ, ಅಂದರೆ ಮೇಜರ್ ಲೀಗ್‌ನ ಕೆಳಗಿನ ಹಂತಗಳಲ್ಲಿ, ಆಡಿದ, ಮೇಲಕ್ಕೆ ಏರಲಾಗಲಿಲ್ಲ. ಆಮೇಲೆ ಫ್ಲಾರಿಡಾ ಸ್ಟೇಟ್ ಸೇರಿ 2000ದಲ್ಲಿ, ಇಪ್ಪತ್ತೆಂಟನೇ ವಯಸ್ಸಿನಲ್ಲಿ, ಕಾಲೇಜು ಫುಟ್‌ಬಾಲ್‌ನ ಪರಮೋಚ್ಚ ಗೌರವವಾದ ಹೈಸ್ಮನ್ ಟ್ರೋಫಿ ಗೆದ್ದ. ಬ್ರ್ಯಾಂಡನ್ ವೀಡನ್ 2002ರಲ್ಲಿ ಯಾಂಕೀಸ್‌ಗೆ ಪಿಚರ್ ಆಗಿ ಹೋದವನು, ಹತ್ತು ವರ್ಷದ ಮೇಲೆ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾದ.

ಫುಟ್‌ಬಾಲ್‌ನಿಂದ ತಿರುಗಿ ಬೇಸ್‌ಬಾಲ್ ಕಡೆಗೆ ಬರುವುದು ಅಷ್ಟು ಸುಲಭವಲ್ಲ. ಅದಕ್ಕೆ ಕಾರಣ ಬ್ಯಾಟಿಂಗ್. ಪಿಚರ್ ನಿಂತಿರುವುದು ನಿನ್ನಿಂದ ಅರವತ್ತು ಅಡಿ ಆರು ಇಂಚು ದೂರದಲ್ಲಿ. ಗಂಟೆಗೆ 95 ಮೈಲಿ ವೇಗದ ಚೆಂಡು ನಿನ್ನನ್ನು ಮುಟ್ಟಲು ತೆಗೆದುಕೊಳ್ಳುವುದು ಸುಮಾರು 0.4 ಸೆಕೆಂಡು. ಅಷ್ಟರೊಳಗೆ ಅದು ನೇರ ಬರುತ್ತದೋ, ತಿರುಗುತ್ತದೋ, ಕೊನೆಯಲ್ಲಿ ಕುಸಿಯುತ್ತದೋ ಗುರುತಿಸಿ, ಹೊಡೆಯಬೇಕೋ ಬಿಡಬೇಕೋ ತೀರ್ಮಾನಿಸಿ, ಉರುಟು ಬ್ಯಾಟಿನಿಂದ ಉರುಟು ಚೆಂಡನ್ನು ಸರಿಯಾದ ಜಾಗದಲ್ಲಿ ಮುಟ್ಟಬೇಕು. ಇದು ಸಂಗೀತದ ಸಾಧಕದ ಹಾಗೆ. ದಿನವೂ ಕೂತು ಮಾಡದಿದ್ದರೆ ಶ್ರುತಿ ಜಾರುತ್ತದೆ, ನಾಲ್ಕು ವರ್ಷ ಬಿಟ್ಟರೆ ಕೈಯೇ ಮರೆಯುತ್ತದೆ. ಡ್ರೂ ಹೆನ್ಸನ್‌ನ ಕಥೆ ಕೇಳು. ಮಿಶಿಗನ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆಗಿಯೂ ಯಾಂಕೀಸ್‌ನ ಆಟಗಾರನಾಗಿಯೂ ಎರಡು ದೋಣಿಯಲ್ಲಿ ಕಾಲಿಟ್ಟಿದ್ದವನನ್ನು 2001ರಲ್ಲಿ ಯಾಂಕೀಸ್ ಆರು ವರ್ಷಕ್ಕೆ 1.7 ಕೋಟಿ ಡಾಲರ್ ಕೊಟ್ಟು ಪೂರ್ತಿ ತನ್ನ ಕಡೆಗೆ ಎಳೆದುಕೊಂಡಿತು. ಮೇಜರ್ ಲೀಗ್‌ನಲ್ಲಿ ಅವನು ಆಡಿದ್ದು ಎಂಟೇ ಪಂದ್ಯ, ಹಿಟ್ ಒಂದೇ ಒಂದು. 2004ರಲ್ಲಿ ಮತ್ತೆ ಫುಟ್‌ಬಾಲ್‌ಗೆ ಹೋದ, ಅಲ್ಲೂ ನೆಲೆ ಸಿಗಲಿಲ್ಲ. ಆರಿಸುವುದಾದರೆ ಈಗಲೇ ಆರಿಸು, ಪೂರ್ತಿ ಆರಿಸು.

ಇನ್ನು ಮೈಯ ಮಾತು. ನೀನು ವೈಡ್ ರಿಸೀವರ್. ಚೆಂಡಿಗಾಗಿ ಮೇಲೆ ಹಾರುತ್ತೀ, ಕಣ್ಣು ಚೆಂಡಿನ ಮೇಲೆ, ಪಕ್ಕೆಲುಬು ಬಟ್ಟಬಯಲು. ಎದುರು ತಂಡದ ಸೇಫ್ಟಿ ಎಂಬ ರಕ್ಷಣಾ ಆಟಗಾರ ಅದೇ ಕ್ಷಣಕ್ಕಾಗಿ ಓಡಿ ಬರುತ್ತಿರುತ್ತಾನೆ. ಮೈದಾನದ ಅಂಚಿನಲ್ಲಿ, ಆಟಗಾರರ ಬೆಂಚಿನ ಹಿಂದೆ ನಿಂತು ನೋಡಿದವರಿಗೆ ಟಿವಿಯಲ್ಲಿ ಕೇಳದ ಒಂದು ಸದ್ದು ಕೇಳುತ್ತದೆ. ಲೈನ್‌ಮನ್‌ಗಳು ಎದ್ದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವಾಗ ಹೆಲ್ಮೆಟ್‌ಗಳು ಟಕ್ ಎನ್ನುವುದು, ಅದರ ಹಿಂದೆಯೇ ಎದೆಯಿಂದ ಉಸಿರು ಹೊರಬೀಳುವುದು. ಅದರಲ್ಲಿ ಅಪಘಾತ ಎನ್ನುವಂಥದ್ದು ಏನೂ ಇಲ್ಲ. ಪ್ರತಿ ಬಾರಿ ಚೆಂಡು ಆಟಕ್ಕೆ ಬಂದಾಗಲೂ ಅದು ಆಗಲೇಬೇಕು, ಅದೇ ಅವರ ಕೆಲಸ. ಪಂದ್ಯದಲ್ಲಿ ಅಷ್ಟು ಸಲ, ಅಭ್ಯಾಸದಲ್ಲಿ ಅದಕ್ಕಿಂತ ಹೆಚ್ಚು ಸಲ.

ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಸೆಂಟರ್ ಮೈಕ್ ವೆಬ್‌ಸ್ಟರ್ 2002ರಲ್ಲಿ ಐವತ್ತನೇ ವಯಸ್ಸಿಗೆ ತೀರಿಕೊಂಡ. ಅವನ ಮಿದುಳನ್ನು ಪರೀಕ್ಷಿಸಿದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅದರಲ್ಲಿ ಸಿಟಿಇ ಎಂಬ ಕಾಯಿಲೆಯ ಗುರುತು ಕಂಡು, 2005ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಮಿದುಳು ಸವೆಯುವ ಕಾಯಿಲೆ ಅದು. ಮರೆವು, ಸಿಟ್ಟು, ಖಿನ್ನತೆ, ಕೊನೆಗೆ ತನ್ನವರನ್ನೇ ಗುರುತಿಸದ ಸ್ಥಿತಿ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಆನ್ ಮೆಕೀ ಅವರ ತಂಡ ಮಾಜಿ ಎನ್‌ಎಫ್‌ಎಲ್ ಆಟಗಾರರ 111 ಮಿದುಳುಗಳನ್ನು ಪರೀಕ್ಷಿಸಿದಾಗ 110ರಲ್ಲಿ ಸಿಟಿಇ ಕಂಡಿತು. ಈ ಅಂಕಿಯನ್ನು ತಪ್ಪಾಗಿ ಓದಬೇಡ. ಬದುಕಿದ್ದಾಗಲೇ ತೊಂದರೆ ಕಂಡವರ ಕುಟುಂಬಗಳೇ ಹೆಚ್ಚಾಗಿ ಮಿದುಳನ್ನು ದಾನ ಮಾಡಿದ್ದು, ಆದ್ದರಿಂದ ಆಡಿದವರೆಲ್ಲರಿಗೂ ಈ ಕಾಯಿಲೆ ಬರುತ್ತದೆಂದು ಇದರರ್ಥವಲ್ಲ. ಆದರೆ ಇದನ್ನು ಖಚಿತವಾಗಿ ಗುರುತಿಸುವುದು ಸಾವಿನ ನಂತರವೇ. ಒಂದು ದೊಡ್ಡ ಪೆಟ್ಟಷ್ಟೇ ಕಾರಣವಲ್ಲ, ತಲೆ ಸುತ್ತದ, ಯಾರೂ ಲೆಕ್ಕವಿಡದ ಸಣ್ಣ ಸಣ್ಣ ಪೆಟ್ಟುಗಳೂ ಸೇರಿ ಈ ಕಾಯಿಲೆ ತರುತ್ತವೆ. ಇಂಥದ್ದರ ಜೊತೆ ಚೌಕಾಸಿ ಮಾಡಲು ಯಾವ ವಯಸ್ಸಿನವನಿಗೂ ಸಾಧ್ಯವಿಲ್ಲ, ಹದಿನೆಂಟರವನಿಗಂತೂ ಇಲ್ಲವೇ ಇಲ್ಲ.

ಬೇಸ್‌ಬಾಲ್ ಹೂವಿನ ಹಾಸಿಗೆಯೆಂದು ನಾನು ಹೇಳುವುದಿಲ್ಲ. ಈಗ ಹೇಳಿದ ಮಾವರ್‌ಗೇ 2013ರಲ್ಲಿ ಕ್ಯಾಚರ್ ಆಗಿದ್ದಾಗ ತಲೆಗೆ ಪೆಟ್ಟಾಗಿ, ಮುಂದೆ ಆ ಜಾಗ ಬಿಟ್ಟು ಫಸ್ಟ್ ಬೇಸ್‌ಗೆ ಹೋಗಬೇಕಾಯಿತು. ರಯನ್ ಫ್ರೀಲ್ ಎಂಬ ಬೇಸ್‌ಬಾಲ್ ಆಟಗಾರನಿಗೂ ಸಿಟಿಇ ಇದ್ದದ್ದು ಸಾವಿನ ನಂತರ ತಿಳಿಯಿತು. ಪಿಚರ್‌ಗಳ ಮೊಣಕೈಯ ಲಿಗಮೆಂಟ್ ಹರಿದು, ಟಾಮಿ ಜಾನ್ ಎಂಬ ಶಸ್ತ್ರಚಿಕಿತ್ಸೆ ಆಗಿ, ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಗುವುದು ಈಗ ಸಾಮಾನ್ಯ. ಆದರೂ ವ್ಯತ್ಯಾಸ ಗಮನಿಸು. ಮಾವರ್ ಜಾಗ ಬದಲಿಸಿಕೊಂಡು ಇನ್ನೂ ಐದು ಸೀಸನ್ ಆಡಿದ. ಮೊಣಕೈ ಹೊಲಿಸಿಕೊಂಡ ಪಿಚರ್ ಮತ್ತೆ ಚೆಂಡು ಹಿಡಿಯುತ್ತಾನೆ. ಪೆಟ್ಟು ತಪ್ಪಿಸಿಕೊಂಡೇ ಆಡಲು ಬರುವ ಆಟ ಅದು.

ಎರಡೂ ಆಟ ಆಡಿದ ಬೋ ಜಾಕ್ಸನ್‌ನ ಹೆಸರು ನಿನ್ನ ಕೋಚ್ ಹೇಳೇ ಇರುತ್ತಾರೆ. 1985ರ ಹೈಸ್ಮನ್ ವಿಜೇತ. 1986ರಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಆಯ್ಕೆಯಾದರೂ ಕರೆದ ಟ್ಯಾಂಪಾ ಬೇ ತಂಡಕ್ಕೆ ಹೋಗದೆ ಕ್ಯಾನ್ಸಸ್ ಸಿಟಿ ರಾಯಲ್ಸ್‌ನ ಬೇಸ್‌ಬಾಲ್ ಸೇರಿದ. ಮಾರನೇ ವರ್ಷ ಬೇಸ್‌ಬಾಲ್ ಸೀಸನ್ ಮುಗಿದ ಮೇಲೆ ಫುಟ್‌ಬಾಲ್ ಕೂಡ ಆಡತೊಡಗಿದ. 1989ರಲ್ಲಿ ಬೇಸ್‌ಬಾಲ್‌ನ ಆಲ್‌ಸ್ಟಾರ್ ಪಂದ್ಯದ ಶ್ರೇಷ್ಠ ಆಟಗಾರ. ಅವನಂಥ ಮೈಕಟ್ಟಿನವನನ್ನು ಈ ದೇಶ ಅಪರೂಪಕ್ಕೆ ಕಂಡಿದೆ. 1991ರ ಜನವರಿ 13ರಂದು ಸಿನ್ಸಿನಾಟಿ ವಿರುದ್ಧದ ಪಂದ್ಯದಲ್ಲಿ ಹಿಂದಿನಿಂದ ಬಿದ್ದ ಒಂದು ಟ್ಯಾಕಲ್‌ನಲ್ಲಿ ಅವನ ಸೊಂಟದ ಕೀಲು ಜಾರಿತು. ನೋಡುವವರಿಗೆ ಅದು ದಿನವೂ ಕಾಣುವ ಟ್ಯಾಕಲ್. ಫುಟ್‌ಬಾಲ್ ಅಲ್ಲಿಗೆ ಮುಗಿಯಿತು. ಕೃತಕ ಕೀಲು ಹಾಕಿಸಿಕೊಂಡು 1993ರಲ್ಲಿ ಬೇಸ್‌ಬಾಲ್‌ಗೆ ಮರಳಿ, ಮೊದಲ ಸಲ ಬ್ಯಾಟ್ ಹಿಡಿದಾಗಲೇ ಹೋಮ್ ರನ್ ಹೊಡೆದ. 1994ರ ನಂತರ ಅದೂ ನಿಂತಿತು. ಲೋಹದ ಕೀಲಿನ ಸೊಂಟಕ್ಕೂ ಒಂದಿಷ್ಟು ದಿನ ಜಾಗ ಕೊಟ್ಟದ್ದು ಬೇಸ್‌ಬಾಲ್ ಎಂಬುದನ್ನು ನೆನಪಿಡು.

ಈಗ ಹಣದ ಮಾತು. ನಮ್ಮ ಮನೆಗಳಲ್ಲಿ ಮಕ್ಕಳ ಎದುರು ಹಣದ ವಿಷಯ ಎತ್ತುವುದಿಲ್ಲ. ಆದರೆ ವೃತ್ತಿ ಹಿಡಿಯುವವನಿಗೆ ಇದು ಗೊತ್ತಿರಲೇಬೇಕು. ಕರಾರಿನಲ್ಲಿ ಬರೆದ ಮೊತ್ತವೇ ಬೇರೆ, ಕೈಗೆ ಬರುವ ಮೊತ್ತವೇ ಬೇರೆ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಹಲವು ವರ್ಷದ ಕರಾರಿಗೆ ಸಹಿ ಬಿದ್ದರೆ ಸಾಮಾನ್ಯವಾಗಿ ಪೂರ್ತಿ ಹಣಕ್ಕೆ ಗ್ಯಾರಂಟಿ. ಪೆಟ್ಟಾದರೂ, ಆಟ ಕೆಟ್ಟರೂ, ತಂಡ ಬೇಡವೆಂದರೂ ಬರುತ್ತದೆ. ನಮ್ಮ ಟೆಕ್ಸಸ್ ರೇಂಜರ್ಸ್‌ನ ಪ್ರಿನ್ಸ್ ಫೀಲ್ಡರ್ 2012ರಲ್ಲಿ ಡೆಟ್ರಾಯ್ಟ್ ತಂಡದ ಜೊತೆ ಒಂಬತ್ತು ವರ್ಷಕ್ಕೆ 21.4 ಕೋಟಿ ಡಾಲರ್‌ನ ಕರಾರು ಮಾಡಿಕೊಂಡಿದ್ದ. ರೇಂಜರ್ಸ್‌ಗೆ ಬಂದ ಮೇಲೆ ಕತ್ತಿನ ತೊಂದರೆಗೆ ಎರಡನೇ ಶಸ್ತ್ರಚಿಕಿತ್ಸೆಯಾಗಿ 2016ರಲ್ಲಿ, ಮೂವತ್ತೆರಡಕ್ಕೇ ಆಟ ನಿಲ್ಲಿಸಬೇಕಾಯಿತು. ಮೈಕಿನ ಮುಂದೆ ಕೂತು ಅತ್ತುಬಿಟ್ಟ. ಆದರೆ 2020ರ ತನಕ ಅವನ ಕರಾರಿನ ಹಣ ಬಂತು. ಫುಟ್‌ಬಾಲ್‌ನಲ್ಲಿ ಪತ್ರಿಕೆಯ ತಲೆಬರಹದಲ್ಲಿ ಕಾಣುವ ಮೊತ್ತದಲ್ಲಿ ಗ್ಯಾರಂಟಿ ಇರುವುದು ಒಂದು ಪಾಲಿಗೆ ಮಾತ್ರ. ಉಳಿದದ್ದು ತಂಡ ಇಟ್ಟುಕೊಂಡರೆ ಉಂಟು, ಕೈಬಿಟ್ಟರೆ ಇಲ್ಲ. ತಂಡದ ಒಟ್ಟು ಸಂಬಳಕ್ಕೆ 1994ರಿಂದ ಮಿತಿಯೂ ಇದೆ. ಬೇಸ್‌ಬಾಲ್‌ನಲ್ಲಿ ಅಂಥ ಕಟ್ಟುನಿಟ್ಟಾದ ಮಿತಿ ಇಲ್ಲ, ಹೆಚ್ಚು ಖರ್ಚು ಮಾಡಿದ ತಂಡ ತೆರಿಗೆ ಕಟ್ಟುತ್ತದೆ, ಅಷ್ಟೆ.

ಈ ವ್ಯತ್ಯಾಸ ತಾನಾಗಿ ಹುಟ್ಟಿದ್ದಲ್ಲ, ಆಟಗಾರರು ಕಷ್ಟಪಟ್ಟು ಗಳಿಸಿದ್ದು. ಅವರ ಹೆಸರು ನಿನಗೆ ಗೊತ್ತಿರಬೇಕು. 1969ರಲ್ಲಿ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರನನ್ನು ಸೇಂಟ್ ಲೂಯಿಸ್ ತಂಡ ಅವನ ಮಾತು ಕೇಳದೆ ಫಿಲಡೆಲ್ಫಿಯಾಕ್ಕೆ ಸಾಗಹಾಕಿತು. ನಾನು ಮಾರಾಟದ ವಸ್ತುವಲ್ಲ ಎಂದು ಅವನು ಹೋಗಲು ಒಪ್ಪಲಿಲ್ಲ, ಸುಪ್ರೀಂ ಕೋರ್ಟಿನ ತನಕ ಹೋದ. 1972ರಲ್ಲಿ ಸೋತ, ಅವನ ಆಟದ ಬಾಳೂ ಮುಗಿಯಿತು. ಆದರೆ ಆ ದಾರಿ ಮುಚ್ಚಲಿಲ್ಲ. ಮಾರ್ವಿನ್ ಮಿಲ್ಲರ್ ಕಟ್ಟಿ ಬೆಳೆಸಿದ ಆಟಗಾರರ ಸಂಘ ಹೋರಾಡುತ್ತಲೇ ಇತ್ತು. 1975ರ ಡಿಸೆಂಬರ್‌ನಲ್ಲಿ ಮೆಸರ್‌ಸ್ಮಿತ್ ಮತ್ತು ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರ್‌ಗಳ ಪ್ರಕರಣದಲ್ಲಿ ಪಂಚಾಯ್ತಿದಾರ ಪೀಟರ್ ಸೈಟ್ಸ್ ಆಟಗಾರರ ಪರವಾಗಿ ತೀರ್ಪು ಕೊಟ್ಟರು. ಅಲ್ಲಿಂದ ಬೇಸ್‌ಬಾಲ್ ಆಟಗಾರ ತನ್ನ ಇಷ್ಟದ ತಂಡಕ್ಕೆ ಹೋಗಬಲ್ಲವನಾದ. 1994ರಲ್ಲಿ ಸಂಬಳಕ್ಕೆ ಮಿತಿ ಹಾಕುತ್ತೇವೆಂದು ಮಾಲೀಕರು ಹೊರಟಾಗ ಆಟಗಾರರು ಮುಷ್ಕರ ಹೂಡಿದರು. ಆ ವರ್ಷದ ವರ್ಲ್ಡ್ ಸೀರೀಸ್ ನಡೆಯಲೇ ಇಲ್ಲ, ಮಿತಿಯೂ ಬರಲಿಲ್ಲ. ಫುಟ್‌ಬಾಲ್ ಆಟಗಾರರು 1987ರಲ್ಲಿ ಮುಷ್ಕರ ಹೂಡಿದಾಗ ಮಾಲೀಕರು ಬದಲಿ ಆಟಗಾರರನ್ನು ಇಳಿಸಿ ಪಂದ್ಯ ನಡೆಸಿದರು, ಮುಷ್ಕರ ಮುರಿಯಿತು. ನೀನು ಸೇರುವ ಆಟದ ಹಿಂದೆ ಎಂಥ ಸಂಘ ನಿಂತಿದೆ ಎಂಬುದು ನಿನ್ನ ತೋಳಿನ ಬಲದಷ್ಟೇ ಮುಖ್ಯ.

ಪಿಂಚಣಿಯನ್ನೇ ನೋಡು. ಮೇಜರ್ ಲೀಗ್‌ನಲ್ಲಿ 43 ದಿನ ಸೇವೆ ಆದರೆ ಸಾಕು, ಪಿಂಚಣಿಯ ಹಕ್ಕು ಹುಟ್ಟುತ್ತದೆ. ಎನ್‌ಎಫ್‌ಎಲ್‌ನಲ್ಲಿ ಮೂರು ಸೀಸನ್ ಬೇಕು. ಅಲ್ಲಿ ಮೂರು ಸೀಸನ್ ಮೈ ಉಳಿಸಿಕೊಳ್ಳುವುದೇ ಎಷ್ಟೋ ಜನಕ್ಕೆ ಆಗುವುದಿಲ್ಲ. ಎದುರು ಪಕ್ಷದ ನ್ಯಾಯವನ್ನೂ ಹೇಳಿಬಿಡುತ್ತೇನೆ: 2025ರಲ್ಲಿ ಎನ್‌ಎಫ್‌ಎಲ್‌ನ ಹೊಸಬನ ಕನಿಷ್ಠ ಸಂಬಳ ವರ್ಷಕ್ಕೆ 8,40,000 ಡಾಲರ್, ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 7,60,000. ಮೊದಲ ವರ್ಷದ ಚೆಕ್ಕನ್ನಷ್ಟೇ ನೋಡುವವನಿಗೆ ಫುಟ್‌ಬಾಲ್ ಹೆಚ್ಚು. ಹದಿನೈದನೇ ವರ್ಷದ ಚೆಕ್ಕು ಬರುವುದೋ ಇಲ್ಲವೋ ಎಂದು ನೋಡುವವನಿಗೆ ಲೆಕ್ಕ ಬೇರೆ.

ನಿನಗೆ ತೀರ ಹತ್ತಿರದ ಉದಾಹರಣೆ ಜೆಫ್ ಸಮಾರ್ಜಾ. ನಾಟರ್‌ಡೇಮ್ ವಿಶ್ವವಿದ್ಯಾಲಯದ ವೈಡ್ ರಿಸೀವರ್, ನಿನ್ನ ಹಾಗೆಯೇ ಎತ್ತರದ ಹುಡುಗ, ದೇಶದ ಶ್ರೇಷ್ಠ ರಿಸೀವರ್‌ಗಳ ಪಟ್ಟಿಯಲ್ಲಿ ಹೆಸರಿದ್ದವನು. ಎನ್‌ಎಫ್‌ಎಲ್‌ನ ಮೊದಲ ಸುತ್ತಿಗೆ ಹೋಗಬಹುದೆಂಬ ಮಾತು ಇತ್ತು. 2006ರಲ್ಲಿ ಶಿಕಾಗೋ ಕಬ್ಸ್ ಅವನನ್ನು ಐದನೇ ಸುತ್ತಿನಲ್ಲಿ ಪಿಚರ್ ಎಂದು ಆರಿಸಿತ್ತು. 2007ರ ಜನವರಿಯಲ್ಲಿ ಐದು ವರ್ಷಕ್ಕೆ ಒಂದು ಕೋಟಿ ಡಾಲರ್‌ನ ಕರಾರಿಗೆ ಸಹಿ ಹಾಕಿ ಫುಟ್‌ಬಾಲ್ ಕೈಬಿಟ್ಟ. ಆಗ ಬೈದವರು ಬಹಳ. ಅವನು 2008ರಿಂದ 2020ರ ತನಕ ಮೇಜರ್ ಲೀಗ್‌ನಲ್ಲಿ ಚೆಂಡೆಸೆದ. 2015ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಅವನಿಗೆ ಐದು ವರ್ಷಕ್ಕೆ ಒಂಬತ್ತು ಕೋಟಿ ಡಾಲರ್ ಕೊಟ್ಟಿತು. ಅವನೇನೂ ಬೇಸ್‌ಬಾಲ್‌ನ ದೇವರಾಗಲಿಲ್ಲ. ಒಳ್ಳೆಯ, ನಂಬಿಕಸ್ಥ ಪಿಚರ್, ಅಷ್ಟೆ. ಒಳ್ಳೆಯ, ನಂಬಿಕಸ್ಥ ಆಟಗಾರನೊಬ್ಬ ಮೂವತ್ತೈದರ ತನಕ ಗೌರವದಿಂದ ದುಡಿಯಬಹುದು ಎಂಬುದೇ ನನ್ನ ವಾದದ ತಿರುಳು.

ಇಷ್ಟು ಹೇಳಿದ ಮೇಲೆ ಕಹಿಯನ್ನೂ ಹೇಳಬೇಕು. ಬೇಸ್‌ಬಾಲ್ ಕಾಲ ಕೊಡುತ್ತದೆ ಎಂದೆನಲ್ಲ, ಆ ಕಾಲದ ಮೊದಲ ಪಾಲು ಮೈನರ್ ಲೀಗ್‌ನಲ್ಲಿ ಕಳೆಯುತ್ತದೆ. ಡಲ್ಲಾಸ್ ಬಳಿಯ ಫ್ರಿಸ್ಕೋದಲ್ಲಿ ರೇಂಜರ್ಸ್‌ನ ಡಬಲ್-ಎ ತಂಡ ಆಡುತ್ತದೆ. ಜುಲೈ ತಿಂಗಳ ಮಧ್ಯಾಹ್ನ ಅಲ್ಲಿಗೆ ಬೇಗ ಹೋಗಿ ನೋಡು. ಬಿಸಿಲು ಮೈ ಸುಡುತ್ತಿರುತ್ತದೆ, ಗ್ಯಾಲರಿ ಖಾಲಿ, ಆಗಲೇ ಹುಡುಗರು ಬಲೆಯೊಳಗೆ ಬ್ಯಾಟ್ ಬೀಸುತ್ತಿರುತ್ತಾರೆ. ಅಂಗೈಯ ಬೊಕ್ಕೆ ಒಡೆದು ಟೇಪ್ ಸುತ್ತಿಕೊಂಡಿರುತ್ತಾರೆ. ವೆನೆಜುವೆಲಾದವನೊಬ್ಬ, ಡೊಮಿನಿಕನ್ ಗಣರಾಜ್ಯದವನೊಬ್ಬ, ಕ್ಯಾನ್ಸಸ್‌ನ ರೈತನ ಮಗನೊಬ್ಬ. ರಾತ್ರಿ ಪಂದ್ಯ ಮುಗಿಸಿ ಬಸ್ಸು ಹತ್ತಿದರೆ ಬೆಳಗಿನ ಜಾವ ಇನ್ನೊಂದು ಊರು. ಇವರ ಸಂಬಳ ಬಹಳ ವರ್ಷ ನಾಚಿಕೆಗೇಡಾಗಿತ್ತು. 2022ರಲ್ಲಿ ಇವರೂ ಸಂಘ ಕಟ್ಟಿಕೊಂಡ ಮೇಲೆ, 2023ರ ಒಪ್ಪಂದದಲ್ಲಿ ಡಬಲ್-ಎ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 13,800 ಡಾಲರ್‌ನಿಂದ 30,250ಕ್ಕೆ ಏರಿತು. ಈಗಲೂ ಅದು ಸಣ್ಣ ಸಂಬಳವೇ. ಸಹಿ ಹಾಕುವಾಗ ಬರುವ ಬೋನಸ್ಸೇ ನಿನ್ನ ಆ ವರ್ಷಗಳ ಆಸರೆ. ಮೇಲಕ್ಕೆ ಏರಿದ ಮೇಲೂ, ಇಷ್ಟದ ತಂಡಕ್ಕೆ ಹೋಗುವ ಸ್ವಾತಂತ್ರ್ಯಕ್ಕೆ ಮೇಜರ್ ಲೀಗ್‌ನಲ್ಲಿ ಆರು ವರ್ಷದ ಸೇವೆ ಆಗಬೇಕು.

ಅಲ್ಲಿ ಸೇರಿದವರೆಲ್ಲ ಮೇಲೆ ಹೋಗುವುದೂ ಇಲ್ಲ. ಬಬ್ಬಾ ಸ್ಟಾರ್ಲಿಂಗ್ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆಗಬೇಕಿದ್ದ ಹುಡುಗ. 2011ರ ಡ್ರಾಫ್ಟ್‌ನ ಐದನೇ ಆಯ್ಕೆಯಾಗಿ ರಾಯಲ್ಸ್ ಅವನಿಗೆ 75 ಲಕ್ಷ ಡಾಲರ್ ಬೋನಸ್ ಕೊಟ್ಟಿತು. ಮೇಜರ್ ಲೀಗ್ ಮುಟ್ಟಿದ್ದು 2019ರಲ್ಲಿ, ನಿಂತದ್ದು ಸ್ವಲ್ಪವೇ ಕಾಲ. ಅವನು ಸೋತ ಎಂದು ನಾನು ಹೇಳಲಾರೆ. ಎಂಟು ವರ್ಷ ಬಿಡದೆ ಏರಿದ, ಬೋನಸ್ ಕೈಯಲ್ಲಿ ಇತ್ತು. ಆದರೆ ಆ ಎಂಟು ವರ್ಷದ ಕಾಯುವಿಕೆ ನಿನ್ನಿಂದ ಆಗುತ್ತದೆಯೇ ಎಂದು ನೀನೇ ಕೇಳಿಕೋ. ಹತ್ತು ಸಲ ಬ್ಯಾಟ್ ಬೀಸಲು ಹೋಗಿ ಮೂರು ಸಲ ಗೆದ್ದವನನ್ನು ಬೇಸ್‌ಬಾಲ್ ಶ್ರೇಷ್ಠನೆನ್ನುತ್ತದೆ. ಉಳಿದ ಏಳು ಸಲ ಅವನು ತಲೆ ತಗ್ಗಿಸಿ ಡಗ್‌ಔಟ್‌ಗೆ ಮರಳುತ್ತಾನೆ. ಮೇಜರ್ ಲೀಗ್‌ನಲ್ಲಿ ವರ್ಷಕ್ಕೆ 162 ಪಂದ್ಯ. ಇಂದಿನ ಸೋಲನ್ನು ನಾಳೆ ಸಂಜೆಯೊಳಗೆ ಮರೆಯದವನಿಗೆ ಅದು ಹಿಡಿಸದು.

ಹಾಗಾದರೆ ಫುಟ್‌ಬಾಲ್ ಆರಿಸಿದವರೆಲ್ಲ ತಪ್ಪಿದರೇ? ಇಲ್ಲ. ಕೈಲರ್ ಮರ್ರೆಯನ್ನು 2018ರಲ್ಲಿ ಓಕ್‌ಲೆಂಡ್ ಬೇಸ್‌ಬಾಲ್ ತಂಡ ಒಂಬತ್ತನೆಯವನಾಗಿ ಆರಿಸಿ 46.6 ಲಕ್ಷ ಡಾಲರ್ ಬೋನಸ್ ಒಪ್ಪಿತ್ತು. ಅದೇ ವರ್ಷ ಓಕ್ಲಹೋಮಾದಲ್ಲಿ ಹೈಸ್ಮನ್ ಗೆದ್ದು ಮನಸ್ಸು ಬದಲಿಸಿದ. 2019ರ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಆಯ್ಕೆಯಾದ. ಆ ಮೊದಲ ಕರಾರೇ ಸುಮಾರು 3.5 ಕೋಟಿ ಡಾಲರ್, ಅದೂ ಪೂರ್ತಿ ಗ್ಯಾರಂಟಿ. ಪ್ಯಾಟ್ರಿಕ್ ಮಹೋಮ್ಸ್‌ನ ಅಪ್ಪ ಬೇಸ್‌ಬಾಲ್ ಪಿಚರ್, ಅವನನ್ನೂ ಡೆಟ್ರಾಯ್ಟ್ 2014ರಲ್ಲಿ 37ನೇ ಸುತ್ತಿನಲ್ಲಿ ಕರೆದಿತ್ತು. ಟಾಮ್ ಬ್ರೇಡಿಯನ್ನು 1995ರಲ್ಲಿ ಮಾಂಟ್ರಿಯಲ್ ಎಕ್ಸ್‌ಪೋಸ್ ಕ್ಯಾಚರ್ ಎಂದು ಆರಿಸಿತ್ತು. ಅವರ ಆಯ್ಕೆ ಅವರಿಗೆ ಸರಿಯಾಗಿತ್ತು. ಈ ಮೂವರೂ ಕ್ವಾರ್ಟರ್‌ಬ್ಯಾಕ್‌ಗಳು ಎಂಬುದನ್ನು ಗಮನಿಸು. ಫುಟ್‌ಬಾಲ್‌ನ ನಿಯಮಗಳು ಹೆಚ್ಚಾಗಿ ಕಾಪಾಡುವುದು ಅವರನ್ನೇ, ದೊಡ್ಡ ಗ್ಯಾರಂಟಿ ಬರುವುದೂ ಅವರಿಗೇ. ಚೆಂಡು ಎಸೆಯುವವನ ಬಾಳಿಗೂ ಅದನ್ನು ಹಿಡಿದು ಪೆಟ್ಟು ತಿನ್ನುವವನ ಬಾಳಿಗೂ ಬಹಳ ಅಂತರ. ನೀನು ಹಿಡಿಯುವವನು.

ಇತ್ತೀಚೆಗೆ ಕಾಲೇಜು ಫುಟ್‌ಬಾಲ್‌ನಲ್ಲೂ ಹಣ ಬಂದಿದೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖಕ್ಕೆ ಜಾಹೀರಾತಿನ ಹಣ ಪಡೆಯಬಹುದು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಕೊಡುವುದಕ್ಕೂ ದಾರಿಯಾಗಿದೆ. ನಿನ್ನ ಗೆಳೆಯರು ಈ ಅಂಕಿಗಳನ್ನೇ ನಿನ್ನ ಮುಂದೆ ಹಿಡಿಯುತ್ತಿದ್ದಾರೆಂದು ನಿನ್ನ ಅಪ್ಪ ಹೇಳಿದ. ಹಣ ನಿಜ. ಆದರೆ ಅದು ನಿನ್ನ ಮೈ ತಿನ್ನುವ ಪೆಟ್ಟನ್ನು ಕಡಿಮೆ ಮಾಡುವುದಿಲ್ಲ.

ಅಪ್ಪ ಅಮ್ಮನ ಚಿಂತೆ ಬೇರೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಓದು ಬಿಟ್ಟು ಚೆಂಡಿನ ಹಿಂದೆ ಹೋದರೆ ಗತಿಯೇನು ಎಂದು ಅವರಿಗೆ ನಿದ್ದೆ ಬರುತ್ತಿಲ್ಲ. ಇಂಜಿನಿಯರಿಂಗ್ ಓದಿ ಈ ದೇಶಕ್ಕೆ ಬಂದು ನೆಲೆ ಕಂಡ ನಮ್ಮಂಥ ಮನೆಗಳಿಗೆ ಈ ದಾರಿ ಹೊಸದು. ಅವರಿಗೆ ಎರಡು ಮಾತು ತಿಳಿಸು. ಒಂದು, 2023ರಲ್ಲಿ ಅರ್ಜುನ್ ನಿಮ್ಮಲ ಎಂಬ ಹದಿನೇಳರ ಹುಡುಗ, ಭಾರತದಿಂದ ಬಂದ ತಂದೆತಾಯಿಯ ಮಗ, ಫ್ಲಾರಿಡಾದ ಹೈಸ್ಕೂಲಿನಿಂದ ನೇರವಾಗಿ ಬ್ಲೂ ಜೇಸ್‌ನ ಮೊದಲ ಸುತ್ತಿನ ಆಯ್ಕೆಯಾದ. ಇಂಥ ದಾರಿಯಲ್ಲಿ ನಮ್ಮಂಥವರ ಹೆಜ್ಜೆ ಆಗಲೇ ಬಿದ್ದಿದೆ. ಎರಡು, ಬೇಸ್‌ಬಾಲ್ ತಂಡದ ಜೊತೆ ಕರಾರು ಮಾಡುವಾಗ ಕಾಲೇಜು ಓದಿನ ಖರ್ಚನ್ನು ತಂಡವೇ ಕೊಡುವಂತೆ ಬರೆಸಿಕೊಳ್ಳಬಹುದು. ಆಟ ಬಿಟ್ಟ ಮೇಲೆ ಎರಡು ವರ್ಷದೊಳಗೆ ಓದು ಶುರು ಮಾಡಬೇಕೆಂಬ ನಿಯಮ ಉಂಟು, ಅದನ್ನು ತಪ್ಪದೆ ನೆನಪಿಡಬೇಕು.

ಇನ್ನು ನೀನು ಮಾಡಬೇಕಾದ್ದು. ಡ್ರಾಫ್ಟ್‌ಗೆ ಮುಂಚೆ, ಇಷ್ಟು ಬೋನಸ್ ಬಂದರೆ ಹೋಗುತ್ತೇನೆ, ಬರದಿದ್ದರೆ ಕಾಲೇಜು ಎಂದು ಒಂದು ಮೊತ್ತವನ್ನು ಅಪ್ಪ ಅಮ್ಮನ ಜೊತೆ ಕೂತು ನಿರ್ಧರಿಸು. ಡ್ರಾಫ್ಟ್‌ನ ಗದ್ದಲದಲ್ಲಿ ಯೋಚಿಸಲು ಹೋಗಬೇಡ. ಈಗ ಸಹಿ ಹಾಕದೆ ನಾಲ್ಕು ವರ್ಷದ ಕಾಲೇಜು ಸೇರಿದರೆ ಮತ್ತೆ ಡ್ರಾಫ್ಟ್‌ಗೆ ಬರಲು ಮೂರನೇ ವರ್ಷ ಮುಗಿಯಬೇಕು, ಇಲ್ಲವೇ ಇಪ್ಪತ್ತೊಂದು ತುಂಬಬೇಕು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೋ. ಹಾಗೆ ಕಾಲೇಜು ಸೇರಿದರೂ ಬೇಸ್‌ಬಾಲ್ ಆಡಲು ಸೇರು. ಬೋನಸ್ ಬಂದ ದಿನವೇ ತೆರಿಗೆಯ ಪಾಲು ತೆಗೆದಿಟ್ಟು, ಉಳಿದದ್ದರಲ್ಲಿ ಐದು ವರ್ಷ ಮೈನರ್ ಲೀಗ್‌ನಲ್ಲಿ ಬದುಕಲು ಬೇಕಾದಷ್ಟನ್ನು ಬೇರೆ ಇಡು, ಕಾರು ಆಮೇಲೆ. ಓದಿನ ಖರ್ಚಿನ ಮಾತು ಕರಾರಿನಲ್ಲಿ ಬರೆದಿದೆಯೇ ಎಂದು ನೀನೇ ಓದಿ ನೋಡು, ಯಾರೋ ಹೇಳಿದರೆಂದು ಬಿಡಬೇಡ. ಆಟಗಾರರ ಸಂಘದ ಸಭೆಗೆ ಹೋಗು. ಮೇಜರ್ ಲೀಗ್‌ನ ಈಗಿನ ಒಪ್ಪಂದದ ಗಡುವು 2026ರ ಡಿಸೆಂಬರ್ 1. ಮುಂದಿನ ಒಪ್ಪಂದ ಏನಾಗುತ್ತದೆ ಎಂಬುದು ನಿನ್ನ ಇಡೀ ವೃತ್ತಿಗೆ ಸಂಬಂಧಿಸಿದ್ದು.

ಫುಟ್‌ಬಾಲ್ ಬಿಡುವಾಗ ಕೋಚ್ ಮನೆಗೆ ಹೋಗಿ, ಎದುರು ನಿಂತು ಹೇಳು, ಮೆಸೇಜ್ ಕಳಿಸಿ ಮುಗಿಸಬೇಡ. ನಿನ್ನನ್ನು ಬೆಳೆಸಿದವರು ಅವರು. ಕೆಲವರು ಹೇಡಿ ಎನ್ನುತ್ತಾರೆ, ಅನ್ನಲಿ. ಹತ್ತಕ್ಕೆ ಏಳು ಸಲ ಸೋಲುವ ಕೆಲಸವನ್ನು ಇಪ್ಪತ್ತು ವರ್ಷ ಮಾಡುತ್ತೇನೆಂದು ಹದಿನೆಂಟಕ್ಕೇ ಒಪ್ಪಿಕೊಳ್ಳುವವನ ಧೈರ್ಯವನ್ನು ಅವರು ಇನ್ನೂ ಕಂಡಿಲ್ಲ. ಎಲ್ಲ ಓದಿ, ಎಲ್ಲ ಯೋಚಿಸಿ, ಆಮೇಲೂ ನಿನ್ನ ಮನಸ್ಸು ಫುಟ್‌ಬಾಲನ್ನೇ ಕೇಳಿದರೆ ಹೋಗು, ನಿನ್ನ ಪಂದ್ಯ ನೋಡಲು ನಾನು ಬರುತ್ತೇನೆ. ಆದರೆ ಶುಕ್ರವಾರದ ಗ್ಯಾಲರಿಯ ಕೂಗಿಗೆ ಮರುಳಾಗಿ ನಿರ್ಧಾರ ಮಾಡಬೇಡ. ನಲವತ್ತನೇ ವಯಸ್ಸಿನ ನೀನು ಈಗ ಎದುರಿಗೆ ಬಂದು ಕೂತರೆ ಯಾವುದನ್ನು ಕೇಳುತ್ತಿದ್ದೆಯೋ ಅದನ್ನು ಮಾಡು.

ಇಂತಿ ನಿನ್ನ ಶ್ರೇಯಸ್ಸು ಬಯಸುವ,
ದೊಡ್ಡಪ್ಪ